ಹಳೆಯ ಹ್ಯಾಂಡಿಕ್ಯಾಮ್‌ನಲ್ಲಿ ಸೀಮಂತ ಹಿಡಿಯಬೇಡಿ, ಮೊದಲು ಡಬ್ಬದಲ್ಲಿರುವ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿಕೊಳ್ಳಿ

ಅಪ್ಪನ ಬೀರುವಿನಲ್ಲಿ ಮಿನಿಡಿವಿ (ಪುಟ್ಟ ಡಿಜಿಟಲ್ ಟೇಪ್ ಕ್ಯಾಸೆಟ್) ಹಾಕುವ ಹ್ಯಾಂಡಿಕ್ಯಾಮ್ ಸಿಕ್ಕಿದೆ, ಜೊತೆಗೆ ಒಂದು ಡಬ್ಬ ಕ್ಯಾಸೆಟ್ ಇದೆ, ಮುಂದಿನ ತಿಂಗಳು ತಂಗಿಯ ಸೀಮಂತ. ಸೆಟಪ್ ಹೇಗೆ, ಕ್ಯಾಸೆಟ್ ಉಳಿಸಲು ಎಲ್‌ಪಿ ಮೋಡ್, ಅಂದ್ರೆ ಒಂದೇ ಕ್ಯಾಸೆಟ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುವ ಸೆಟ್ಟಿಂಗ್, ಇಡಬಹುದಾ ಅಂತ ಕೇಳಿದ್ದೀರಿ.

ಎಲ್‌ಪಿ ಬೇಡ. ದಯವಿಟ್ಟು ಬೇಡ. ನನ್ನ ಮಾತು ಕೇಳುವುದಾದರೆ ಸೀಮಂತವನ್ನೂ ಅದರಲ್ಲಿ ಹಿಡಿಯಬೇಡಿ.

2004ರಲ್ಲಿ ನಾನೂ ನಿಮ್ಮ ಹಾಗೇ ಒಂದು ಮಿನಿಡಿವಿ ಕ್ಯಾಮೆರಾ ಹಿಡಿದುಕೊಂಡು ಮೆನು ಒತ್ತುತ್ತಾ ಕೂತಿದ್ದೆ. ನಮ್ಮದು ಸಾಗರದ ಹತ್ತಿರದ ಹಳ್ಳಿ. ಕ್ಯಾಸೆಟ್ ಬೇಕಂದ್ರೆ ಶಿವಮೊಗ್ಗಕ್ಕೆ ಹೋಗಬೇಕು, ಅಲ್ಲೂ ಕೆಲವು ಸಲ ಸ್ಟಾಕ್ ಇರುತ್ತಿರಲಿಲ್ಲ. ಮೆನುವಿನಲ್ಲಿ ಎಸ್‌ಪಿ, ಎಲ್‌ಪಿ ಅಂತ ಎರಡು ಇತ್ತು. ಎಸ್‌ಪಿ ಇಟ್ಟರೆ ಒಂದು ಕ್ಯಾಸೆಟ್ 60 ನಿಮಿಷ, ಎಲ್‌ಪಿ ಇಟ್ಟರೆ 90 ನಿಮಿಷ. ವಿಎಚ್‌ಎಸ್ ಕಾಲದಿಂದ ಬಂದವನು ನಾನು. ಅದರಲ್ಲಿ ಎಲ್‌ಪಿ ಅಂದ್ರೆ ಚಿತ್ರ ಮಂಕಾಗುತ್ತದೆ ಅಂತ ಗೊತ್ತಿತ್ತು. ಹಾಗಾಗಿ ಎರಡೂ ರೀತಿ ಹಿಡಿದು ಟಿವಿಗೆ ಹಾಕಿ ನೋಡಿದೆ. ಏನೂ ವ್ಯತ್ಯಾಸ ಇಲ್ಲ! ಅಲ್ಲಿಂದ ಎಲ್ಲವನ್ನೂ ಎಲ್‌ಪಿಯಲ್ಲೇ ಹಿಡಿದೆ.

ಹಿಡಿದದ್ದು ಏನು ಅಂದ್ರೆ ನಮ್ಮ ಅಮ್ಮಮ್ಮನ ಹಾಡು. ನಮ್ಮ ಕಡೆ ಮದುವೆ, ಮುಂಜಿಯಲ್ಲಿ ಹೆಂಗಸರು ಸಂಪ್ರದಾಯದ ಹಾಡು ಹೇಳುತ್ತಾರೆ. ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿಗೆ ಒಂದು, ಬೀಗರನ್ನು ಛೇಡಿಸುವುದಕ್ಕೆ ಬೇರೆಯೇ. ಅಮ್ಮಮ್ಮನಿಗೆ ಬಾಯಿಗೆ ಬರುತ್ತಿದ್ದಷ್ಟು ಹಾಡು ನಮ್ಮ ಊರಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂರಿಸಿ ಒಂದೊಂದೇ ಹೇಳಿಸಿದೆ. ಅವರು ಮಂಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಸಾಲು ಮರೆತರೆ ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನಿದ್ದು ಮತ್ತೆ ಹಿಡಿಯುತ್ತಿದ್ದರು. ಹಾಡು ನಡುವೆ ನಿಲ್ಲಬಾರದು, ಕ್ಯಾಸೆಟ್ ಬದಲಿಸಲು ಎಬ್ಬಿಸಬಾರದು ಅಂತಲೇ ನಾನು 90 ನಿಮಿಷದ ಆಸೆಗೆ ಬಿದ್ದದ್ದು.

ಈಗ ಎಲ್‌ಪಿಯಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಲೇಬೇಕು. ನನಗೆ ಆಗ ಯಾರೂ ಹೇಳಲಿಲ್ಲ. ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿತ್ತು, ನಾನು ಓದಲಿಲ್ಲ.

ಮಿನಿಡಿವಿ ಟೇಪಿನ ಅಗಲ 6.35 ಮಿಲಿಮೀಟರ್. ಒಳಗೆ ನಿಮಿಷಕ್ಕೆ 9000 ಸುತ್ತು ತಿರುಗುವ ಒಂದು ಪುಟ್ಟ ಡ್ರಮ್ ಇರುತ್ತದೆ, ಅದರಲ್ಲಿರುವ, ಬರೆಯುವ ಮತ್ತು ಓದುವ ಹೆಡ್ಡುಗಳು ಟೇಪಿನ ಮೇಲೆ ಓರೆ ಗೆರೆ ಎಳೆಯುತ್ತಾ ಹೋಗುತ್ತವೆ. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ಇಂಥ 12 ಗೆರೆ. ಎಸ್‌ಪಿಯಲ್ಲಿ ಒಂದು ಗೆರೆಯ ಅಗಲ 10 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ನೂರನೇ ಒಂದು ಭಾಗ. ಎಲ್‌ಪಿಯಲ್ಲಿ ಟೇಪು ನಿಧಾನ ಓಡುತ್ತದೆ, ಗೆರೆ 6.7 ಮೈಕ್ರಾನಿಗೆ ಇಳಿಯುತ್ತದೆ. ಗೆರೆಯೊಳಗೆ ಬರೆಯುವ ಮಾಹಿತಿ ಮಾತ್ರ ಅಷ್ಟೇ, ಸೆಕೆಂಡಿಗೆ ಸುಮಾರು 25 ಮೆಗಾಬಿಟ್ ಚಿತ್ರ. ಅದಕ್ಕೇ ಚಿತ್ರ ಮಂಕಾಗುವುದಿಲ್ಲ. ಮೋಸ ಹೋಗುವುದೂ ಇಲ್ಲೇ. ಕಣ್ಣಿಗೆ ಏನೂ ನಷ್ಟ ಕಾಣುವುದಿಲ್ಲ. ನಷ್ಟ ಆಗುವುದು ಮುಂದೊಂದು ದಿನ ಬೇರೆ ಯಂತ್ರದಲ್ಲಿ ಓದಿಸಲು ಹೋದಾಗ. ಗದ್ದೆಯಲ್ಲಿ ಸಾಲು ಬಿಟ್ಟು ನಾಟಿ ಮಾಡಿದರೆ ಯಾರ ಕಳೆ ಯಂತ್ರ ಬೇಕಾದರೂ ಓಡಾಡುತ್ತದೆ. ಒತ್ತಾಗಿ ನೆಟ್ಟರೆ ಸ್ವಲ್ಪ ವಾಲಿದರೂ ಪಕ್ಕದ ಸಾಲನ್ನೇ ತುಳಿಯುತ್ತದೆ. ಹಾಗೆ.

ಇನ್ನೊಂದು ವಿಷಯ ಇದೆ. ಟೇಪು ಡ್ರಮ್ಮಿಗೆ ಎಷ್ಟು ಎತ್ತರದಲ್ಲಿ ತಾಗಬೇಕು ಅನ್ನುವುದನ್ನು ಎರಡು ಪಕ್ಕದ ಸಣ್ಣ ಗೈಡ್ ಕಂಬಗಳು ತೀರ್ಮಾನಿಸುತ್ತವೆ. ಬಳಸುತ್ತಾ ಬಳಸುತ್ತಾ ಅವು ಸ್ವಲ್ಪ ಸರಿಯುತ್ತವೆ. ನನ್ನ ಕ್ಯಾಮೆರಾದಲ್ಲೂ ಸರಿದಿದ್ದವು. ಆದರೆ ಹಿಡಿದದ್ದೂ ಅದೇ, ಓದುತ್ತಿದ್ದದ್ದೂ ಅದೇ. ಬರೆಯುವಾಗ ಎಷ್ಟು ಓರೆಯೋ ಓದುವಾಗಲೂ ಅಷ್ಟೇ ಓರೆ. ಹಾಗಾಗಿ ಚಿತ್ರ ಚೆನ್ನಾಗೇ ಬರುತ್ತಿತ್ತು, ನನಗೆ ಏನೂ ಅನುಮಾನ ಬರಲಿಲ್ಲ.

ಕೆಲವು ವರ್ಷದ ಮೇಲೆ ಕ್ಯಾಸೆಟ್ ಬಾಗಿಲು ಸಿಕ್ಕಿಹಾಕಿಕೊಳ್ಳಲು ಶುರುವಾಯಿತು. ಎರಡು ಮೂರು ಸಲ ಒತ್ತಿದರೆ ಕೂರುತ್ತಿತ್ತು, ಪ್ಲೇ ಆಗುತ್ತಿತ್ತು. ಅಷ್ಟರಲ್ಲಿ ಅಮ್ಮಮ್ಮ ತೀರಿಕೊಂಡಿದ್ದರು. ಎಲ್ಲ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿಬಿಡೋಣ ಅಂದುಕೊಂಡೆ. ಇಳಿಸುವ ಮೊದಲು ಕ್ಯಾಮೆರಾ ಒಂದು ಸಲ ರಿಪೇರಿ ಮಾಡಿಸಿದರೆ ಒಳ್ಳೆಯದು, ನಡುವೆ ಟೇಪು ಕಚ್ಚಿಕೊಂಡರೆ ಕಷ್ಟ ಅಂತ ಬೆಂಗಳೂರಿಗೆ ಕೊಂಡೊಯ್ದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಈ ತೀರ್ಮಾನಕ್ಕೆ. ರಿಪೇರಿಯವರು ಕೆಲಸ ಗೊತ್ತಿದ್ದವರು. ಬಾಗಿಲು ಸರಿ ಮಾಡಿದರು, ಜೊತೆಗೆ ಗೈಡ್‌ಗಳನ್ನೂ ಪರೀಕ್ಷೆಯ ಟೇಪ್ ಹಾಕಿ ಅಳತೆಗೆ ಸರಿಯಾಗಿ ಕೂರಿಸಿದರು. ಅದು ಅವರ ತಪ್ಪಲ್ಲ, ಹಾಗೇ ಮಾಡಬೇಕು. ಮನೆಗೆ ಬಂದು ಅಮ್ಮಮ್ಮನ ಕ್ಯಾಸೆಟ್ ಹಾಕಿದೆ. ಪರದೆ ತುಂಬ ಚೌಕ ಚೌಕ. ಮಂಡಿಯ ಮೇಲಿನ ಬೆರಳು ಅರ್ಧ ಎದ್ದಿದೆ, ಮಿಕ್ಕ ಅರ್ಧ ಚೌಕಗಳಲ್ಲಿ ನಿಂತಿದೆ, ಮುಖ ಮುಂದಿನ ಹಾಡಿಗೆ ಹೋಗಿಬಿಟ್ಟಿದೆ. ಧ್ವನಿ ತುಂಡು ತುಂಡು. ಸಾಲಿನ ಮೊದಲ ಎರಡು ಅಕ್ಷರ ಬರುತ್ತದೆ, ಆಮೇಲೆ ಮೌನ, ಆಮೇಲೆ ಕೊನೆಯ ಎಳೆತ. ಹೊಸದಾಗಿ ಎಸ್‌ಪಿಯಲ್ಲಿ ಹಿಡಿದು ನೋಡಿದರೆ ಸೊಗಸಾಗಿ ಬರುತ್ತಿತ್ತು.

ಮತ್ತೆ ಹೋದೆ. ಅವರು ಕ್ಯಾಸೆಟ್ ಹಾಕಿ ನೋಡಿದ ಕೂಡಲೇ ಹೇಳಿದರು, ಎಲ್‌ಪಿ ಇದೆ ಅಂತ ಮುಂಚೆ ಹೇಳಿದ್ದರೆ ಗೈಡ್ ಮುಟ್ಟುತ್ತಲೇ ಇರಲಿಲ್ಲ, ಮೊದಲು ಇಳಿಸಿಕೊಂಡು ಬನ್ನಿ ಅನ್ನುತ್ತಿದ್ದೆ ಅಂತ. ಕೈಯಲ್ಲಿ ಸ್ವಲ್ಪ ಸ್ವಲ್ಪ ಹಿಂದೆ ತಿರುಗಿಸಿ ಪ್ರಯತ್ನ ಮಾಡಿದರು. ಮೈಕ್ರಾನ್ ಲೆಕ್ಕದ ಹಳೆಯ ಓರೆ ಮತ್ತೆ ಎಲ್ಲಿ ಸಿಗಬೇಕು? ಅದೇ ಕಂಪನಿಯ ಬೇರೆ ಕ್ಯಾಮೆರಾಗಳಲ್ಲೂ ಹಾಕಿಸಿದೆ. ಅಲ್ಲಲ್ಲಿ ಒಂದೆರಡು ಹಾಡು ಪೂರ್ತಿ ಸಿಕ್ಕಿತು. ಉಳಿದವುಗಳ ಸಾಲುಗಳು ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿವೆ, ಆದರೆ ಧಾಟಿ ಬಲ್ಲವರು ಯಾರೂ ಇಲ್ಲ. ಹಾಡನ್ನು ಓದಬಹುದು ಅಷ್ಟೇ, ಹೇಳಲು ಬರುವುದಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಕಂಡದ್ದು ಆ ಡಬ್ಬ. ನಿಮ್ಮ ಕೈಯಲ್ಲಿರುವುದನ್ನು ಇನ್ನು ಮೇಲೆ ಕ್ಯಾಮೆರಾ ಅಂದುಕೊಳ್ಳಬೇಡಿ. ಅದು ಅಪ್ಪನ ಕ್ಯಾಸೆಟ್‌ಗಳನ್ನು ಓದುವ ಯಂತ್ರ. ಅವರು ಎಲ್‌ಪಿಯಲ್ಲಿ ಹಿಡಿದಿದ್ದರೆ ಬಹುಶಃ ಅವನ್ನು ಸರಿಯಾಗಿ ಓದಬಲ್ಲ ಒಂದೇ ಯಂತ್ರ. ಅದರ ಹೆಡ್ಡಿನಲ್ಲಿ, ಬೆಲ್ಟು, ಗೇರುಗಳಲ್ಲಿ ಎಷ್ಟು ಗಂಟೆಯ ಆಯಸ್ಸು ಉಳಿದಿದೆ ಅಂತ ಯಾರಿಗೂ ಗೊತ್ತಿಲ್ಲ. ಆ ಗಂಟೆಗಳನ್ನು ಸೀಮಂತಕ್ಕೆ ಖರ್ಚು ಮಾಡಬೇಡಿ. ಸೀಮಂತವನ್ನು ನಿಮ್ಮ ಫೋನಿನಲ್ಲಿ ಹಿಡಿಯಿರಿ. ಮಿನಿಡಿವಿ ಚಿತ್ರ 720 ಗುಣಿಸು 576 ಪಿಕ್ಸೆಲ್, ಇವತ್ತಿನ ಸಾಧಾರಣ ಫೋನೂ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. ಹಳೆಯ ಕ್ಯಾಮೆರಾದ ಚಿತ್ರಕ್ಕೆ ಒಂದು ಆಪ್ತತೆ ಇದೆ, ಒಪ್ಪುತ್ತೇನೆ. ಆ ಆಪ್ತತೆ ಆ ಡಬ್ಬದಲ್ಲೇ ಇದೆ ಅಲ್ವಾ?

ಕ್ಯಾಮೆರಾ ಚಾಲೂ ಮಾಡುವುದು ಹೀಗೆ. ಹಳೆಯ ಬ್ಯಾಟರಿ ನಂಬಬೇಡಿ, ಉಬ್ಬಿದ್ದರೆ ಹಾಕಲೇಬೇಡಿ. ಅಡಾಪ್ಟರ್ ಸಿಕ್ಕಿಸಿ ಬಳಸಿ. ಅಮೆರಿಕದಿಂದ ಯಾರೋ ತಂದುಕೊಟ್ಟ ಕ್ಯಾಮೆರಾ ಆದರೂ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಇದ್ದರೆ ಹೆದರಬೇಕಿಲ್ಲ, ಪಿನ್ ಬದಲಿಸಿದರೆ ಸಾಕು. ಕ್ಯಾಸೆಟ್ ಹಾಕುವುದರಲ್ಲೇ ತುಂಬ ಜನ ಕೆಡಿಸುತ್ತಾರೆ. ಇಜೆಕ್ಟ್ ಒತ್ತಿದರೆ ಹೊರಬಾಗಿಲು ತೆರೆಯುತ್ತದೆ, ಆಮೇಲೆ ಒಳಗಿನ ತಟ್ಟೆ ತಾನಾಗೇ ನಿಧಾನ ಮೇಲೆ ಬರುತ್ತದೆ. ಅದು ಪೂರ್ತಿ ಬರುವವರೆಗೆ ಕಾಯಿರಿ. ಕ್ಯಾಸೆಟ್‌ನ ಕಿಟಕಿ ಹೊರಗೆ ಕಾಣುವಂತೆ ಇಟ್ಟು, ಪುಶ್ ಅಂತ ಬರೆದಿರುವ ಜಾಗದಲ್ಲಿ ಮಾತ್ರ ಒತ್ತಿ. ತಟ್ಟೆ ತಾನೇ ಒಳಗೆ ಹೋಗಿ ಕೂತ ಶಬ್ದ ಬಂದ ಮೇಲೆಯೇ ಹೊರಬಾಗಿಲು ಮುಚ್ಚಿ. ಅವಸರದಲ್ಲಿ ಹೊರಬಾಗಿಲಿನಿಂದಲೇ ತಳ್ಳಿದರೆ ಗೇರು ಕಿತ್ತುಬರುತ್ತದೆ.

ಮೊದಲು ಮುಖ್ಯ ಅಲ್ಲದ ಕ್ಯಾಸೆಟ್ ಒಂದನ್ನು ಹಾಕಿ ನೋಡಿ, ಟೇಪು ಕಚ್ಚುತ್ತಿಲ್ಲ ಅಂತ ಖಾತ್ರಿಯಾಗಲಿ. ಉಳಿದ ಎಲ್ಲ ಕ್ಯಾಸೆಟ್‌ನ ಬೆನ್ನಿನಲ್ಲಿರುವ ಸಣ್ಣ ಗುಂಡಿಯನ್ನು ಸೇವ್ ಕಡೆಗೆ ಸರಿಸಿಬಿಡಿ, ಆಗ ಅಪ್ಪಿತಪ್ಪಿಯೂ ಮೇಲೆ ರೆಕಾರ್ಡ್ ಆಗುವುದಿಲ್ಲ. ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ಬೂಸ್ಟು. ಮಲೆನಾಡು, ಕರಾವಳಿ ಕಡೆಯವರಾದರೆ ಇದು ಇದ್ದೇ ಇರುತ್ತದೆ. ಅಂಥದ್ದನ್ನು ಕ್ಯಾಮೆರಾದೊಳಗೆ ಹಾಕಲೇಬೇಡಿ, ಹೆಡ್ಡಿಗೆ ಅಂಟಿ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅದಕ್ಕೆ ಟೇಪು ಶುಚಿ ಮಾಡುವವರೇ ಬೇಕು. ಎಸಿ ಕಾರಿನಿಂದ ಇಳಿಸಿ ಮಳೆಗಾಲದ ಮನೆಯೊಳಗೆ ತಂದ ತಕ್ಷಣ ಆನ್ ಮಾಡಬೇಡಿ. ಒಳಗೆ ತೇವ ಕಟ್ಟಿ ಟೇಪು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ತೇವದ ಚಿಹ್ನೆ ಬಂದರೆ ಬಾಗಿಲು ತೆರೆದಿಟ್ಟು ಒಂದು ಗಂಟೆ ಬಿಡಿ.

ಪ್ಲೇ ಮಾಡುವಾಗ ಪರದೆಯ ಮೂಲೆಯಲ್ಲಿ ಎಸ್‌ಪಿ ಅಥವಾ ಎಲ್‌ಪಿ ಅಂತ ಬರುತ್ತದೆ. ಎಲ್‌ಪಿ ಅಂತ ಬಂದ ಕ್ಯಾಸೆಟ್‌ಗಳನ್ನು ಬೇರೆ ಇಟ್ಟುಕೊಂಡು ಮೊದಲು ಅವನ್ನೇ ಇಳಿಸಿ. ಸ್ವಲ್ಪ ಚೌಕ ಕಂಡರೆ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಸುಮಾರು 10 ಸೆಕೆಂಡ್ ಓಡಿಸಿ ಸಾಕು ಮಾಡಿ. ಅದು ಹೆಡ್ಡನ್ನು ಉಜ್ಜುತ್ತದೆ, ಮತ್ತೆ ಮತ್ತೆ ಓಡಿಸಿದರೆ ಸವೆಯುತ್ತದೆ. ಆದರೂ ಹೋಗದಿದ್ದರೆ, ಎಷ್ಟು ಬರುತ್ತದೋ ಅಷ್ಟನ್ನು ಮೊದಲು ಇಳಿಸಿಕೊಳ್ಳಿ. ಆಮೇಲೆ ರಿಪೇರಿ. ಈ ಕ್ರಮ ಮಾತ್ರ ತಿರುವುಮುರುವು ಮಾಡಬೇಡಿ.

ಇಳಿಸುವುದು ಫೈರ್‌ವೈರ್ ಕೇಬಲ್‌ನಲ್ಲಿ, ಡಿಜಿಟಲ್ ವಿಡಿಯೋವನ್ನು ಹಾಗೇ ಕಂಪ್ಯೂಟರಿಗೆ ಸಾಗಿಸುವ ಹಳೆಯ ಬಗೆಯ ಕೇಬಲ್ ಅದು. ಸೋನಿಯವರು ಅದನ್ನೇ ಐಲಿಂಕ್ ಅಂತ ಕರೆಯುತ್ತಿದ್ದರು. ಕ್ಯಾಮೆರಾ ಕಡೆ ಸಣ್ಣ 4 ಪಿನ್ನಿನ ಕಿಂಡಿ, ಡಿವಿ ಅಂತ ಬರೆದಿರುತ್ತದೆ. ಪಕ್ಕದಲ್ಲೇ ಯುಎಸ್‌ಬಿ ಕಿಂಡಿ ಇದ್ದರೂ ಅದರ ಆಸೆ ಬಿಡಿ. ಬಹಳಷ್ಟು ಮಿನಿಡಿವಿ ಕ್ಯಾಮೆರಾಗಳಲ್ಲಿ ಅದರಿಂದ ಫೋಟೋ ಮತ್ತು ಸಣ್ಣ ಮಸುಕು ಚಿತ್ರ ಮಾತ್ರ ಬರುತ್ತದೆ. ಆನ್‌ಲೈನ್‌ನಲ್ಲಿ ಫೈರ್‌ವೈರ್‌ನಿಂದ ಯುಎಸ್‌ಬಿಗೆ ಅಂತ ಸಿಗುವ ಅಗ್ಗದ ಪ್ಲಗ್ ಇದೆಯಲ್ಲ, ಅದು ಸುಮ್ನೆ ದಂಡ, ಅದರಲ್ಲಿ ವಿಡಿಯೋ ಬರುವುದೇ ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗೆ ಫೈರ್‌ವೈರ್ ಕಾರ್ಡ್ ಹಾಕಿಸಿ, ಇಲ್ಲವೇ ಆ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪ್ ಯಾರ ಬಳಿಯಾದರೂ ಕೇಳಿ. ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ. ವಿನ್‌ಡಿವಿ ಅಂತ ಉಚಿತ ಸಾಫ್ಟ್‌ವೇರ್ ಸಾಕು. ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ಆ ಮೂಲ ಫೈಲನ್ನು ಕುಗ್ಗಿಸದೆ ಎರಡು ಬೇರೆ ಬೇರೆ ಡಿಸ್ಕಿನಲ್ಲಿಡಿ. ವಾಟ್ಸಾಪ್‌ಗೆ ಕಳಿಸಲು ಬೇಕಾದರೆ ಅದರಿಂದ ಬೇರೆ ಎಂಪಿ4 ಮಾಡಿಕೊಳ್ಳಿ. ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ಕೇಬಲ್‌ನಲ್ಲೂ ಇಳಿಸಬಹುದು, ಆದರೆ ಗುಣಮಟ್ಟ ಇಳಿಯುತ್ತದೆ. ಡಿವಿ ಕಿಂಡಿ ಕೆಟ್ಟಿದ್ದರೆ ಮಾತ್ರ ಅದು.

ಎಲ್ಲ ಇಳಿಸಿ ಮುಗಿದ ಮೇಲೆ, ಸೀಮಂತಕ್ಕೆ ಇನ್ನೂ ದಿನ ಉಳಿದಿದ್ದರೆ, ಆಗ ಬೇಕಾದರೆ ಅದರಲ್ಲೂ ಹಿಡಿಯಿರಿ. ದಿನಾಂಕ ಹಾಕಿ, ಎಸ್‌ಪಿ ಇಡಿ. ಧ್ವನಿಯನ್ನು 12 ಬಿಟ್‌ನಿಂದ 16 ಬಿಟ್‌ಗೆ ಬದಲಿಸಿ. ಡಿಜಿಟಲ್ ಝೂಮ್ ಆಫ್. ಹಿಂದೆ ಕಿಟಕಿ ಇದ್ದರೆ ಬ್ಯಾಕ್‌ಲೈಟ್ ಬಟನ್ ಒತ್ತಿ, ಇಲ್ಲದಿದ್ದರೆ ತಂಗಿಯ ಮುಖ ಕಪ್ಪಾಗುತ್ತದೆ. ಆರತಿಯ ಹೊತ್ತಿಗೆ ಆಟೋಫೋಕಸ್ ದೀಪ ನೋಡಿ ತಡಕಾಡುತ್ತದೆ, ಮ್ಯಾನ್ಯುಯಲ್ ಮಾಡಿಕೊಳ್ಳಿ. ಪ್ರತಿ ಸಲ ನಿಲ್ಲಿಸಿ ಶುರು ಮಾಡುವಾಗ ನಡುವೆ ಖಾಲಿ ಟೇಪು ಬಿಡಬೇಡಿ, ಟೈಮ್‌ಕೋಡ್ (ಟೇಪಿನ ಮೇಲೆ ಬರೆಯುವ ಸಮಯದ ಲೆಕ್ಕ) ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಿಡಿದದ್ದು ಎಲ್ಲಿ ಮುಗಿದಿದೆ ಅಂತ ಹುಡುಕುವ ಎಂಡ್ ಸರ್ಚ್ ಬಟನ್ ಇರುವುದು ಅದಕ್ಕೇ. ಹಾಡು ಹೇಳುವ ಹೆಂಗಸರು ಇದ್ದರೆ ಟ್ರೈಪಾಡ್ ಅವರ ಹತ್ತಿರ ಇಡಿ. ಹಸೆಯ ಚಿತ್ರ ಹಿಡಿಯಲು ಹತ್ತು ಫೋನ್ ಇರುತ್ತವೆ, ಹಾಡಿನ ಮುಂದೆ ಒಂದೂ ಇರುವುದಿಲ್ಲ.

ಕ್ಯಾಮೆರಾದ ಮಾಡೆಲ್ ನಂಬರ್ ತಳದ ಸ್ಟಿಕ್ಕರ್‌ನಲ್ಲಿರುತ್ತದೆ. ಕೆಳಗೆ ಹಾಕಿ, ಯಾವ ಕೇಬಲ್ ಬೇಕು ಅಂತ ನೋಡಿ ಹೇಳುತ್ತೇನೆ. ಯಾವ ಕ್ಯಾಸೆಟ್‌ನಲ್ಲಿ ಎಲ್‌ಪಿ ಅಂತ ಬಂತು ಅನ್ನುವುದನ್ನೂ ಬರೆಯಿರಿ.