ಸಿಂಥ್‌ನಲ್ಲಿ ತಂಬೂರಿ ಯಾಕೆ ಮಿಡಿಯಲ್ಲ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್ (ಸದ್ದು ಕಟ್ಟುವ ಸಿಂಥಸೈಜರ್ ಸಾಫ್ಟ್‌ವೇರ್) ಹಾಕಿಕೊಂಡಿದ್ದೇನೆ. ಹಾಡಿಕೊಳ್ಳೋಕೆ ನನ್ನದೇ ಒಂದು ತಂಬೂರಿ ಸದ್ದು ಕಟ್ಟಬೇಕು ಅಂತ ಆಸೆ. ಸಾ-ಟೂತ್ ತರಂಗ ಇಟ್ಟೆ, ಫಿಲ್ಟರ್ ತಿರುಗಿಸಿದೆ, ರಿವರ್ಬ್ (ಪ್ರತಿಧ್ವನಿ) ಸುರಿದೆ. ಆದರೂ ಹಾರ್ಮೋನಿಯಂನ ಒಂದು ಮನೆ ಒತ್ತಿ ಹಿಡಿದ ಹಾಗೇ ಕೇಳುತ್ತೆ. ಎಲ್ಲಿ ತಪ್ಪುತ್ತಿದೆ? (ಶಿವಮೊಗ್ಗದ ಓದುಗರು)

ಉತ್ತರ: ನೀವು ಆರಿಸಿದ ತರಂಗದಲ್ಲಿ ತಪ್ಪಿಲ್ಲ. ಅದು ಮೀಟಿದ ಕ್ಷಣದಿಂದ ಕೊನೆಯವರೆಗೂ ಒಂದೇ ಥರ ಇದೆ, ತೊಂದರೆ ಅಷ್ಟೇ.

1948ರಲ್ಲಿ ಪ್ಯಾರಿಸ್‌ನ ರೇಡಿಯೊ ಸ್ಟುಡಿಯೋದಲ್ಲಿ ಪಿಯರ್ ಶೆಫರ್ ಎನ್ನುವವರು ಗಂಟೆಯ ಸದ್ದನ್ನು ಡಿಸ್ಕ್‌ಗೆ ಹಿಡಿದರು. ಹೊಡೆತ ಬೀಳುವ ಆ ಮೊದಲ ಚೂರನ್ನು ಬಿಟ್ಟು, ಉಳಿದಿದ್ದನ್ನಷ್ಟೇ ನುಡಿಸಿದರು. ಗಂಟೆ ಮಾಯ! ಯಾವುದೋ ಊದುವ ವಾದ್ಯದ ಹಾಗೆ ಕೇಳಿಸಿತು. ಮುಂದೆ 1960ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್-ಕ್ಲೋಡ್ ರಿಸ್ಸೆ ಟ್ರಂಪೆಟ್ ಸದ್ದನ್ನು ಕಂಪ್ಯೂಟರಿಗೆ ಕೊಟ್ಟು ಬಿಡಿಸಿ ನೋಡಿದರು. ಸದ್ದು ಜೋರಾದ ಹಾಗೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡರಷ್ಟು, ಮೂರರಷ್ಟು ವೇಗದಲ್ಲಿ ಮಿಡಿಯುವ ಒಳಸ್ವರಗಳು) ಜಾಸ್ತಿ ಆಗುತ್ತವೆ, ಇಳಿದಾಗ ಅವೂ ಇಳಿಯುತ್ತವೆ. ಟ್ರಂಪೆಟ್ ಅನ್ನು ಟ್ರಂಪೆಟ್ ಮಾಡುವುದು ಈ ಏರಿಳಿತ. ಯಾವ ಹಾರ್ಮೋನಿಕ್ ಎಷ್ಟಿದೆ ಅನ್ನೋದರಷ್ಟೇ, ಅದು ಯಾವಾಗ ಬಂತು ಅನ್ನೋದೂ ಮುಖ್ಯ.

ತಂಬೂರಿಯಲ್ಲಂತೂ ಇದು ಇನ್ನೂ ಎದ್ದು ಕಾಣುತ್ತೆ. ಸಿ.ವಿ. ರಾಮನ್ 1921ರಲ್ಲೇ ವೀಣೆ, ತಂಬೂರಿಗಳ ಬಗ್ಗೆ ಬರೆದಿದ್ದಾರೆ. ಪುಸ್ತಕದ ನಿಯಮದ ಪ್ರಕಾರ, ತಂತಿಯನ್ನು ಎಲ್ಲಿ ಮೀಟುತ್ತೀರೋ ಆ ಜಾಗದಲ್ಲಿ ಅಲುಗದೆ ಇರುವ ಹಾರ್ಮೋನಿಕ್‌ಗಳು ಕೇಳಿಸಲೇಬಾರದು. ತಂಬೂರಿಯಲ್ಲಿ ಅವೂ ಜೋರಾಗಿ ಹಾಡುತ್ತವೆ. ಕುದುರೆಯ (ತಂತಿ ಕೂರುವ ಸೇತುವೆ) ಮೇಲ್ಭಾಗ ಸ್ವಲ್ಪ ಉಬ್ಬಿದ ಹಾಗಿದೆ, ಅದರ ಮೇಲೆ ತಂತಿಯ ಕೆಳಗೆ ಜೀವಾಳಿ ದಾರ ಇದೆ. ತಂತಿ ಕುದುರೆಯನ್ನು ಮುಟ್ಟುತ್ತಾ ಬಿಡುತ್ತಾ ಮಿಡಿಯುತ್ತೆ. ಹಾಗಾಗಿ ಮೀಟಿದ ಮೇಲೂ ಹೊಸ ಹಾರ್ಮೋನಿಕ್‌ಗಳು ಒಂದಾದ ಮೇಲೊಂದು ತಲೆ ಎತ್ತುತ್ತಾ ಹೋಗುತ್ತವೆ. ನಿಮ್ಮ ಸಿಂಥ್‌ನಲ್ಲಿ ಇದನ್ನೇ ಮಾಡಬೇಕು.

ಶ್ರುತಿ ಸಿ ಅಂದುಕೊಳ್ಳೋಣ. ಸಾರಣಿಯ (ನಡುವಿನ ಎರಡು ತಂತಿಗಳ) ಷಡ್ಜ 131 ಹರ್ಟ್ಜ್, ಮಂದ್ರ ಷಡ್ಜ 65.4, ಪಂಚಮ 98. ಪ್ರೀಸೆಟ್ (ಮೊದಲೇ ಕಟ್ಟಿಟ್ಟ ಸದ್ದು) ಬೇಡ, ಇನಿಟ್ ಪ್ಯಾಚ್‌ನಿಂದ, ಅಂದರೆ ಏನೂ ಸೇರಿಸದ ಸಾದಾ ಸದ್ದಿನಿಂದ, ಶುರು ಮಾಡಿ. ಸಾ-ಟೂತ್ ಸರಿಯಾಗೇ ಇದೆ, ಅದರಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಸಿಗುತ್ತವೆ. ಸ್ಕ್ವೇರ್ ತಗೊಂಡರೆ ಬೆಸ ಸಂಖ್ಯೆಯವು ಮಾತ್ರ ಸಿಗುತ್ತವೆ, ಟೊಳ್ಳಾಗಿ ಕೇಳುತ್ತೆ. ಆಂಪ್ ಎನ್ವಲಪ್‌ನಲ್ಲಿ (ಸದ್ದು ಹೇಗೆ ಏರಿ ಇಳಿಯಬೇಕು ಅಂತ ಹೇಳುವ ಭಾಗ) ಅಟ್ಯಾಕ್, ಅಂದರೆ ಏರುವ ಹೊತ್ತು, 5 ಮಿಲಿಸೆಕೆಂಡ್ ಸಾಕು. ಡಿಕೇ (ಇಳಿಯುವ ಹೊತ್ತು) 6 ಸೆಕೆಂಡ್, ರಿಲೀಸ್ (ಕೈ ಬಿಟ್ಟ ಮೇಲೆ ಆರುವ ಹೊತ್ತು) 4 ಸೆಕೆಂಡ್ ಇಡಿ. ಸಸ್ಟೇನ್ (ಮನೆ ಒತ್ತಿ ಹಿಡಿದಷ್ಟೂ ನಿಲ್ಲುವ ಮಟ್ಟ) ಸೊನ್ನೆ. ನಿಮ್ಮ ಹಾರ್ಮೋನಿಯಂ ಈ ಸಸ್ಟೇನ್‌ನಲ್ಲೇ ಕೂತಿರೋದು, ಅದನ್ನು ಇಳಿಸಿದ ಕೂಡಲೇ ಅರ್ಧ ಕೆಲಸ ಆಯಿತು.

ಇನ್ನು ಫಿಲ್ಟರ್. ಎರಡು ಫಿಲ್ಟರ್ ತಗೊಳ್ಳಿ, ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ. ಒಂದು ಸಾದಾ ಲೋ-ಪಾಸ್ (ಮೇಲಿನ ಸದ್ದನ್ನು ತಡೆಯುವಂಥದ್ದು), ತಂತಿಯ ಮೈ ಅದು. ಇನ್ನೊಂದು ಬ್ಯಾಂಡ್-ಪಾಸ್ (ಒಂದು ಪಟ್ಟಿಯಷ್ಟನ್ನೇ ಹಾಯಿಸುವಂಥದ್ದು), ಅದರ ರೆಸೊನೆನ್ಸ್ (ಆ ಪಟ್ಟಿಯ ಚೂಪು) ಜೋರಾಗಿರಲಿ. ಈ ಎರಡನೆಯದರ ಕಟ್-ಆಫ್ (ಆ ಪಟ್ಟಿ ಕೂರುವ ಜಾಗ) ಅನ್ನು ಫಿಲ್ಟರ್ ಎನ್ವಲಪ್‌ಗೆ ಕಟ್ಟಿ, 3000 ಹರ್ಟ್ಜ್‌ನಿಂದ 300ರ ತನಕ ನಾಲ್ಕು ಸೆಕೆಂಡಿನಲ್ಲಿ ಇಳಿಯೋ ಹಾಗೆ ಮಾಡಿ. ಆ ಚೂಪು ತುದಿ ಇಳಿಯುತ್ತಾ ಒಂದೊಂದೇ ಹಾರ್ಮೋನಿಕ್ ಅನ್ನು ಮುಟ್ಟಿ ಎಬ್ಬಿಸುತ್ತೆ. ಹೆಡ್‌ಫೋನ್ ಹಾಕಿ ಕೇಳಿ, ಮೇಲಿಂದ ಇಳಿದು ಬರುವ ಸ್ವರಗಳನ್ನು ಹೆಸರು ಹಿಡಿದು ಗುರುತಿಸಬಹುದು. ಮಂದ್ರ ಷಡ್ಜದ ಐದನೇ ಹಾರ್ಮೋನಿಕ್ 327 ಹರ್ಟ್ಜ್‌ನಲ್ಲಿದೆ. ಹಾಡುವವರು ಸ್ವಯಂಭೂ ಗಾಂಧಾರ ಅನ್ನೋದು ಇದಕ್ಕೇ. ನಿಮ್ಮ ಕೀಬೋರ್ಡಿನ ಇ ಮನೆ 329.6ರಲ್ಲಿದೆ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡೂವರೆ ಸಲ ಅಲೆ ಬಡಿಯುತ್ತೆ. ಅದಕ್ಕೇ ತಂಬೂರಿ ಮೇಲೆ ಕೀಬೋರ್ಡ್ ಕಾರ್ಡ್ ಒತ್ತಿದರೆ ಹಾಡುವವರ ಮುಖ ಸಿಂಡರಿಸುತ್ತೆ.

ಸಾರಣಿ ಎರಡು ತಂತಿ, ಅಲ್ವಾ? ಅವೆರಡನ್ನೂ ಪಕ್ಕಾ ಒಂದೇ ಶ್ರುತಿಗೆ ಕೂರಿಸಬೇಡಿ. ಒಂದನ್ನು 3 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಪಾಲು ಒಂದು ಸೆಂಟ್) ಮೇಲೆ ಇಟ್ಟರೆ ನಾಲ್ಕು ಸೆಕೆಂಡಿಗೊಮ್ಮೆ ಒಂದು ನಿಧಾನದ ಅಲೆ ಏಳುತ್ತೆ. ಜಾಸ್ತಿ ಇಟ್ಟರೆ ಅಪಶ್ರುತಿ. ಪ್ರತಿ ಮೀಟಿಗೂ ಕಟ್-ಆಫ್ ಚೂರು ಬೇರೆ ಜಾಗದಿಂದ ಹೊರಡಲಿ, ಅದಕ್ಕೆ ರ್‍ಯಾಂಡಮ್ ಮಾಡ್ಯುಲೇಶನ್ ಇದೆ. ರಿವರ್ಬ್ ಕೊನೆಗೆ, ಅದೂ ಸ್ವಲ್ಪವೇ. ರಿವರ್ಬ್ ಸುರಿದು ಜೀವ ತರಿಸೋದು ನನಗಂತೂ ಸೋಮಾರಿತನ ಅನ್ನಿಸುತ್ತೆ.

ಎನ್ವಲಪ್ ಹುಟ್ಟಿದ ಕಥೆಯೂ ಚೆನ್ನಾಗಿದೆ. 1964ರಲ್ಲಿ ರಾಬರ್ಟ್ ಮೂಗ್ ಮೊದಲ ಸಿಂಥ್ ಕಟ್ಟುತ್ತಿದ್ದಾಗ, ಸದ್ದಿಗೆ ಮೀಟಿದ ಹಾಗೆ ಒಂದು ಶುರು, ಒಂದು ಕೊನೆ ಬೇಕು ಅಂತ ಸಂಗೀತಗಾರ ಹರ್ಬ್ ಡಾಯ್ಚ್ ಕೇಳಿದರು. ಅಂಗಡಿಯಿಂದ ಒಂದು ಡೋರ್‌ಬೆಲ್ ಬಟನ್ ತಗೊಂಡು ಬನ್ನಿ ಅಂದರಂತೆ ಮೂಗ್. ಅದನ್ನು ಒತ್ತಿದರೆ ಸದ್ದು ಏಳಬೇಕು, ಬಿಟ್ಟರೆ ಇಳಿಯಬೇಕು. ಮರುವರ್ಷ ಸಂಗೀತ ಸಂಯೋಜಕ ವ್ಲಾದಿಮಿರ್ ಉಸ್ಸಾಚೆವ್‌ಸ್ಕಿ ಇದಕ್ಕೆ ನಾಲ್ಕು ಹಂತ ಬೇಕು ಅಂತ ಬರೆದುಕೊಟ್ಟರು. ಇವತ್ತು ಬಹಳಷ್ಟು ಸಿಂಥ್‌ಗಳ ಮುಖದ ಮೇಲೆ ಇರುವ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅಲ್ಲಿಂದ ಬಂದವು.

ಪ್ರಶ್ನೆ: ಡೆಕ್ಸೆಡ್ ಅನ್ನುವ ಉಚಿತ ಪ್ಲಗಿನ್ ಹಾಕಿದೆ. ಒಂದು ನಂಬರ್ ಬದಲಿಸಿದರೆ ಸಾಕು, ಚೆಂದದ ಪಿಯಾನೊ ತಗಡು ಡಬ್ಬ ಆಗುತ್ತೆ. ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್) ಸಿಂಥ್ ಅಂದರೆ ಹೀಗೇನಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಹೀಗೇ. ಆದರೆ ಸುಮ್ನೆ ಹೆದರಬೇಡಿ. ಡೆಕ್ಸೆಡ್ ಅನುಕರಿಸೋದು 1983ರ ಯಮಹಾ ಡಿಎಕ್ಸ್7 ಸಿಂಥ್ ಅನ್ನು. ಅದರ ಒಡಲಲ್ಲಿ ಆರು ಆಪರೇಟರ್ (ಒಂದೊಂದೂ ತರಂಗ ಹುಟ್ಟಿಸುವ ಘಟಕ), ಅವನ್ನು ಜೋಡಿಸುವ 32 ಅಲ್ಗಾರಿದಂ. ಅಷ್ಟನ್ನೂ ಪುಟಾಣಿ ಪರದೆ, ಒಂದೇ ಸ್ಲೈಡರ್ ಇಟ್ಟುಕೊಂಡು ಬದಲಿಸಬೇಕಿತ್ತು. ಹಾಗಾಗಿ ಕೊಂಡವರಲ್ಲಿ ಬಹಳ ಜನ ಫ್ಯಾಕ್ಟರಿ ಸದ್ದುಗಳಲ್ಲೇ ನಿಂತುಬಿಟ್ಟರು.

ವಿದ್ಯೆ ಅಷ್ಟು ಕಷ್ಟದ್ದಲ್ಲ. 1967ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ವೈಬ್ರಾಟೊ (ಸ್ವರವನ್ನು ಕಂಪಿಸುವುದು) ಪ್ರಯೋಗ ಮಾಡುತ್ತಿದ್ದರು. ಕಂಪನವನ್ನು ಇನ್ನೂ ಜೋರು, ಇನ್ನೂ ವೇಗ ಮಾಡುತ್ತಾ ಹೋದರು. ಒಂದು ಹಂತದ ನಂತರ ಕಿವಿಗೆ ಅದು ಕಂಪನ ಅಂತಲೇ ಕೇಳಿಸಲಿಲ್ಲ, ಬೇರೆಯೇ ಒಂದು ನಾದವಾಗಿ ಕೇಳಿಸಿತು. ಎಫ್‌ಎಂ ಅಂದರೆ ಇಷ್ಟೇ: ಒಂದು ಆಪರೇಟರ್ ಇನ್ನೊಂದನ್ನು ಅತಿ ವೇಗದಲ್ಲಿ ಅಲ್ಲಾಡಿಸುತ್ತೆ.

ಎರಡೇ ಆಪರೇಟರ್ ಇಟ್ಟುಕೊಂಡು ಆಡಿ. ಇನಿಟ್ ವಾಯ್ಸ್ ತೆರೆದರೆ ಒಂದನೆಯದು ಮಾತ್ರ ಬರೀ ಸೈನ್ ತರಂಗ ನುಡಿಸುತ್ತಿರುತ್ತೆ. ಈಗ ಎರಡನೆಯದರ ಲೆವೆಲ್ ಅನ್ನು ಸೊನ್ನೆಯಿಂದ ನಿಧಾನಕ್ಕೆ 80ರ ತನಕ ಏರಿಸಿ. ಸದ್ದು ಬೆಳಗುತ್ತಾ ಹೋಗುತ್ತೆ. ಅಂದರೆ ಇಲ್ಲಿ ಲೆವೆಲ್ಲೇ ನಿಮ್ಮ ಫಿಲ್ಟರ್. ಆಮೇಲೆ ಅನುಪಾತ ಬದಲಿಸಿ. 1:1 ಇದ್ದರೆ ತುಂಬಿದ ಸದ್ದು, ಎರಡನೆಯದು 2 ಆದರೆ ಕ್ಲಾರಿನೆಟ್ ಥರ ಟೊಳ್ಳು. ಎರಡನೆಯದರ ಕೋರ್ಸ್ (ಅನುಪಾತದ ಒರಟು ಹೊಂದಿಕೆ) 2, ಫೈನ್ (ಸೂಕ್ಷ್ಮ ಹೊಂದಿಕೆ) 75 ಇಡಿ, 2ರ 1.75 ಪಟ್ಟು, ಅಂದರೆ 3.50 ಆಗುತ್ತೆ, ಗಂಟೆ ಬಂತು! ಪೂರ್ಣಾಂಕ ತಪ್ಪಿದ ಕೂಡಲೇ ಲೋಹದ ವಾಸನೆ ಬರುತ್ತೆ. ನಿಮ್ಮ ತಗಡು ಡಬ್ಬ ಬಂದದ್ದು ಬಹುಶಃ ಇಲ್ಲಿಂದಲೇ.

ಗಂಟೆ ನಿಜವಾಗಿ ಗಂಟೆ ಆಗಬೇಕಾದರೆ ಎರಡನೆಯ ಆಪರೇಟರ್ ಒಂದನೆಯದಕ್ಕಿಂತ ಬೇಗ ಇಳಿಯಬೇಕು. ಇಲ್ಲೊಂದು ಹಳ್ಳ ಇದೆ, ಎಲ್ಲರೂ ಬೀಳುತ್ತಾರೆ. ಡಿಎಕ್ಸ್7ನ ಎನ್ವಲಪ್‌ನಲ್ಲಿ ನಾಲ್ಕು ರೇಟ್, ನಾಲ್ಕು ಲೆವೆಲ್. ರೇಟ್ ಅಂದರೆ ವೇಗ, ಸಮಯ ಅಲ್ಲ. 99 ಅಂದರೆ ಕಣ್ಣು ಮಿಟುಕಿಸೋದರೊಳಗೆ, ಸಣ್ಣ ನಂಬರ್ ಅಂದರೆ ನಿಧಾನ. ಬೇರೆ ಸಿಂಥ್‌ಗಳಿಗೆ ಪೂರ್ತಿ ಉಲ್ಟಾ.

ಪ್ರಶ್ನೆ: ಸಿಂಥ್‌ನಲ್ಲಿ ಗಮಕ ಸಾಧ್ಯವಾ? ನಮ್ಮ ದೇಶದಲ್ಲಿ ಯಾರಾದರೂ ಮಾಡಿದ್ದಾರಾ? (ಮೈಸೂರಿನ ಓದುಗರು)

ಉತ್ತರ: ಸಿಂಥ್ ನಮ್ಮಲ್ಲಿಗೆ ಬೇಗನೇ ಬಂದಿತ್ತು. 1969ರಲ್ಲೇ ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೂಗ್ ಸಿಂಥ್ ಕೂರಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅದರಲ್ಲಿ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದವು. ಇನ್ನು 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್‌ನ ಜುಪಿಟರ್-8 ಸಿಂಥ್, ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಸಿಂಥ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಎಲ್‌ಪಿ ತಂದರು. ಆಗ ಹೆಚ್ಚು ಜನ ಕೇಳಲಿಲ್ಲ. ಶಿಕಾಗೋದ ಆಸಿಡ್ ಹೌಸ್ ಅನ್ನೋ ನೃತ್ಯ ಸಂಗೀತದಲ್ಲಿ ಅದೇ ಟಿಬಿ-303 ಹೆಸರು ಮಾಡಿದ್ದು ಐದು ವರ್ಷ ಆದಮೇಲೆ.

ಇನ್ನು ಗಮಕ. ಟಿಬಿ-303ನ ಸ್ಲೈಡ್ ಒಂದು ಸ್ವರದಿಂದ ಮುಂದಿನದಕ್ಕೆ ಜಾರುತ್ತೆ, ಅಷ್ಟೇ. ಹಾಗಾಗಿ ಜಾರು ಗಮಕ ಸಿಗುತ್ತೆ, ಸ್ವರ ಅಲುಗುವ ಕಂಪಿತ ಸಿಗಲ್ಲ. ಎಲ್‌ಎಫ್‌ಒ (ಸ್ವರವನ್ನು ತಾನೇ ಅಲುಗಿಸುವ ನಿಧಾನ ತರಂಗ) ಹಾಕಿದರೂ ಸಿಗಲ್ಲ. ಅದು ಎರಡೂ ಕಡೆಗೆ ಸಮನಾಗಿ, ಒಂದೇ ವೇಗದಲ್ಲಿ ಅಲುಗುತ್ತೆ. ತೋಡಿಯ ಗಾಂಧಾರ ಹಾಗೆ ಅಲುಗಲ್ಲ, ಒಂದು ಕಡೆ ಸ್ವಲ್ಪ ತಂಗುತ್ತೆ, ಇನ್ನೊಂದು ಕಡೆ ಮುಟ್ಟಿ ಓಡಿ ಬರುತ್ತೆ. ಕೈಯಿಂದ ಪಿಚ್ ಬೆಂಡ್ (ಸ್ವರ ಬಗ್ಗಿಸುವ ಚಕ್ರ) ತಿರುಗಿಸೋದೇ ದಾರಿ. ಸಾಮಾನ್ಯವಾಗಿ ಬೆಂಡ್ ಎರಡು ಸೆಮಿಟೋನ್‌ಗೆ ಸೆಟ್ ಆಗಿರುತ್ತೆ. ಅದನ್ನು ಐದಕ್ಕೆ ಏರಿಸಿ, ವಾಯ್ಸ್ ಅನ್ನು ಮೊನೊ (ಒಂದು ಸಲಕ್ಕೆ ಒಂದೇ ಸ್ವರ) ಮಾಡಿ, ಲೆಗಾಟೊ ಹಾಕಿ. ಲೆಗಾಟೊ ಇದ್ದರೆ ಬೆರಳು ಎತ್ತದೆ ಮುಂದಿನ ಮನೆ ಒತ್ತಿದಾಗ ಎನ್ವಲಪ್ ಮತ್ತೆ ಮೊದಲಿಂದ ಶುರು ಆಗಲ್ಲ, ಒಂದೇ ಮೀಟಿನಲ್ಲಿ ಮೂರು ಸ್ವರ ಎಳೆದ ಹಾಗೆ ಕೇಳುತ್ತೆ. ಮೊದಲು ಮೋಹನದಂಥ ರಾಗದಲ್ಲಿ ಕೈ ಪಳಗಿಸಿ, ತೋಡಿಗೆ ಆಮೇಲೆ ಬನ್ನಿ.