ಬ್ಲೂಬೆರಿ ಬುಡದ ಹುಲ್ಲಿಗೆ ಕಳೆನಾಶಕ ಹೊಡೆಯಲಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಕಾಲು ಎಕರೆಯಲ್ಲಿ ಬ್ಲೂಬೆರಿ ನೆಟ್ಟು ಎರಡು ವರ್ಷವಾಯಿತು. ಈ ಮಳೆಗಾಲದಲ್ಲಿ ಗರಿಕೆ, ಜೇಕು ಗಿಡದ ಬುಡಕ್ಕೇ ನುಗ್ಗಿವೆ. ಆಳು ಸಿಗುತ್ತಿಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದುಬಿಡಿ ಎಂದು ಪಕ್ಕದ ತೋಟದವರು ಹೇಳುತ್ತಾರೆ. ಹೊಡೆಯಲಾ?

ಉತ್ತರ: ದಯವಿಟ್ಟು ಬೇಡ. ಬ್ಲೂಬೆರಿಯ ಬುಡದಿಂದ ಹಸಿರು ಕಡ್ಡಿಗಳು ಏಳುತ್ತಲೇ ಇರುತ್ತವೆ, ಅಲ್ವಾ? ಆ ಎಳೆ ತೊಗಟೆಗೆ ಗ್ಲೈಫೋಸೇಟ್ ತಾಗಿದರೆ ಒಳಗಿಳಿದು ಬೇರಿನವರೆಗೂ ಹೋಗುತ್ತದೆ. ಎಷ್ಟೋ ಸಲ ಆಗ ಏನೂ ಕಾಣುವುದಿಲ್ಲ. ಮುಂದಿನ ಚಿಗುರು ಕಡ್ಡಿಯಂಥ ಕಿರಿದಾದ ಎಲೆ ಬಿಟ್ಟಾಗಲೇ ಗೊತ್ತಾಗುವುದು. ಪರವಾನಗಿ ಇರುವ ಕೀಟ ನಿಯಂತ್ರಕರು ಮಾತ್ರ ಇದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶವನ್ನೂ ಹೊರಡಿಸಿದೆ.

ಹುಲ್ಲನ್ನು ಮಾತ್ರ ಕೊಲ್ಲುವ ಔಷಧಿಗಳೂ ಇವೆ. ಅಮೆರಿಕದ ಬ್ಲೂಬೆರಿ ತೋಟಗಳಲ್ಲಿ ಸೆಥಾಕ್ಸಿಡಿಮ್, ಕ್ಲೆಥೊಡಿಮ್ ಬಳಸುತ್ತಾರೆ. ಇವು ಹುಲ್ಲಿನ ಬೆಳೆಯುವ ತುದಿಯನ್ನು ಕೊಲ್ಲುತ್ತವೆ. ವಾರ ಹತ್ತು ದಿನ ಬಿಟ್ಟು ಸುಳಿ ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡ ಕಂದಾಗಿ ಕೊಳೆತಿರುತ್ತದೆ. ನಮ್ಮಲ್ಲಿ ಇದೇ ಗುಂಪಿನ ಕ್ವಿಜಾಲೊಫಾಪ್ ಸಿಗುತ್ತದೆ. ಆದರೆ ಅದರ ಲೇಬಲ್ಲಿನಲ್ಲಿರುವುದು ಸೋಯಾ, ಹತ್ತಿ, ಶೇಂಗಾದಂಥ ಬೆಳೆಗಳು, ಬ್ಲೂಬೆರಿ ಇಲ್ಲ. ಮಕ್ಕಳು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹಣ್ಣಿಗೆ ಅಂದಾಜಿನ ಅಳತೆ ನಾನು ಹೇಳಲಾರೆ.

ಇನ್ನೊಂದು ಮಾತು. ಹುಲ್ಲನ್ನು ಮಾತ್ರ ಕೊಲ್ಲುವ ಈ ಔಷಧಿಗಳು ಜೇಕಿಗೆ ನಾಟುವುದೇ ಇಲ್ಲ. ಹೂ ಬಿಟ್ಟ ಒಂದು ಕಡ್ಡಿ ಕಿತ್ತು ಬೆರಳುಗಳ ನಡುವೆ ಹೊರಳಿಸಿ. ಮೂರು ಮೂಲೆ ಸಿಕ್ಕಿದರೆ ಅದು ಜೇಕು, ಹುಲ್ಲಲ್ಲ. ಇದನ್ನು ನೋಡದೆ ಸುಮ್ನೆ ದುಡ್ಡು ಸುರಿದವರು ಬಹಳ ಜನ.

ಹಾಗಾದರೆ ಏನು ಮಾಡುವುದು? ಸಾಲಿನ ನಡುವೆ ವೀಡ್ ಕಟರ್ ಓಡಿಸಿ, ತೆನೆ ಬರುವ ಮುಂಚೆಯೇ. ಕಟರ್‌ನ ತಿರುಗುವ ದಾರ ಮಾತ್ರ ಗಿಡದ ಕಾಂಡಕ್ಕೆ ತಾಗಬಾರದು. ಬುಡದಲ್ಲಿ ಗುದ್ದಲಿ ಬೇಡವೇ ಬೇಡ, ಬ್ಲೂಬೆರಿಯ ಬೇರು ಕೂದಲೆಳೆಯಂತೆ ಮೇಲುಮಣ್ಣಿನಲ್ಲೇ ಹರಡಿರುತ್ತದೆ. ಮಳೆ ಬಂದು ಮಣ್ಣು ಮೆತ್ತಗಾದಾಗ ಕೈಯಲ್ಲೇ ಕಿತ್ತುಬಿಡಿ. ಗರಿಕೆಯ ಬಳ್ಳಿಯನ್ನು ಗೆಣ್ಣು ಉಳಿಯದಂತೆ ಎಳೆದು ತೋಟದಿಂದ ಹೊರಗೆ ಹಾಕಿ. ಆಮೇಲೆ ನಾಲ್ಕು ಇಂಚು ದಪ್ಪ ದರಗು (ಒಣಗಿದ ಎಲೆ) ಅಥವಾ ಅಡಿಕೆ ಸಿಪ್ಪೆ ಹೊದಿಸಿ, ಕಾಂಡದ ಸುತ್ತ ಒಂದು ಹಿಡಿಯಷ್ಟು ಜಾಗ ಬಿಡಿ. ಭತ್ತದ ಹುಲ್ಲು ಹಾಕಿದರೆ ಅದರ ಜೊತೆ ಕಳೆಬೀಜವೂ ಬರುತ್ತದೆ. ಒಲೆ ಬೂದಿಯನ್ನಂತೂ ಹಾಕಲೇಬೇಡಿ, ಮಣ್ಣಿನ ಹುಳಿ ಕಡಿಮೆಯಾದರೆ ಗಿಡ ಸೊರಗುತ್ತದೆ.

ಕಾಲು ಎಕರೆ ಒಂದೇ ಸಲ ಆಗದಿದ್ದರೆ ಈ ವಾರ ಎರಡು ಸಾಲು ಮಾಡಿ, ಸಣ್ಣ ಗಿಡಗಳಿಂದ ಶುರುಮಾಡಿ.