ಸಾಲ್ಮನ್ ಸಿಗದೆ ಸೊರಗುವ ಓರ್ಕಾ, ಪಕ್ಕದಲ್ಲೇ ಇರುವ ಸೀಲ್ ಅನ್ನು ಯಾಕೆ ತಿನ್ನಲ್ಲ?

ನೀವು ಕೇಳಿದ್ದು ಇಷ್ಟು: ಕೆನಡಾ–ಅಮೆರಿಕ ಗಡಿಯ ಕಡಲಲ್ಲಿ ಸಾಲ್ಮನ್ ಮೀನು ಕಡಿಮೆಯಾಗಿ ಕೆಲವು ಓರ್ಕಾಗಳು ಸೊರಗುತ್ತಿವೆ. ಅದೇ ನೀರಲ್ಲಿ ಸೀಲ್‌ಗಳು ಬೇಕಾದಷ್ಟಿವೆ. 'ಕಿಲ್ಲರ್ ವೇಲ್' ಅನ್ನಿಸಿಕೊಂಡ ಪ್ರಾಣಿ ಸೀಲ್ ಹಿಡಿದು ತಿಂದು ಬದುಕಬಹುದಲ್ವಾ?

ನಾನು ಶ್ರೀರಂಗಪಟ್ಟಣದಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಓರ್ಕಾವನ್ನು ಕಣ್ಣಾರೆ ನೋಡಿಲ್ಲ. ಆದರೆ ಅದರ ಬೇಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ನಿಮಗೆ ನನ್ನ ಉತ್ತರ ಇದು: ಆ ಓರ್ಕಾಗಳ ಲೆಕ್ಕದಲ್ಲಿ ಸೀಲ್ ಊಟವೇ ಅಲ್ಲ. ಯಾವುದು ಊಟ ಅನ್ನುವುದನ್ನು ಓರ್ಕಾ ಮರಿ ತನ್ನ ತಾಯಿಯ ಗುಂಪಿನಿಂದ ಕಲಿಯುತ್ತದೆ.

ಆ ಕಡಲಲ್ಲಿ ಮೀನು ತಿನ್ನುವ ಓರ್ಕಾಗಳೇ ಬೇರೆ, ಸೀಲ್ ಮತ್ತು ಕಡಲಸಿಂಹ ತಿನ್ನುವವೇ ಬೇರೆ. ಕೆನಡಾದ ಕಡಲಜೀವಿ ವಿಜ್ಞಾನಿ ಮೈಕೆಲ್ ಬಿಗ್ 1970ರ ದಶಕದಲ್ಲಿ ಒಂದೊಂದರ ಬೆನ್ನುರೆಕ್ಕೆ, ಅದರ ಹಿಂದಿನ ಬೂದು ಮಚ್ಚೆಯ ಫೋಟೊ ತೆಗೆದು ಪ್ರತಿಯೊಂದನ್ನೂ ಗುರುತಿಸುವ ಕೆಲಸ ಶುರು ಮಾಡಿದರು. ಅದರಿಂದಲೇ ಈ ಎರಡು ಬಗೆ ಬೆಳಕಿಗೆ ಬಂತು. ಇವು ಒಂದರ ಜೊತೆ ಇನ್ನೊಂದು ಕೂಡುವುದಿಲ್ಲ. ಇವನ್ನು ಬೇರೆ ಬೇರೆ ಪ್ರಭೇದ ಎಂದೇ ಕರೆಯಬೇಕು ಎಂಬ ಪ್ರಸ್ತಾಪ 2024ರಲ್ಲಿ ಬಂದಿದೆ.

ಇದು ಗೊತ್ತಿಲ್ಲದ ಕಾಲದಲ್ಲಿ ಒಂದು ಘಟನೆ ನಡೆಯಿತು. 1970ರ ಮಾರ್ಚ್‌ನಲ್ಲಿ ವ್ಯಾಂಕೂವರ್ ದ್ವೀಪದ ಪೆಡರ್ ಕೊಲ್ಲಿಯಲ್ಲಿ ಪ್ರದರ್ಶನಕ್ಕೆಂದು ಐದು ಓರ್ಕಾಗಳನ್ನು ಹಿಡಿದರು. ಮೂರನ್ನು ಕೊಲ್ಲಿಯಲ್ಲೇ ಬಲೆಯೊಳಗೆ ಇಟ್ಟುಕೊಂಡು ದಿನಾ ಮೀನು ಹಾಕಿದರು. ಅವು ಮುಟ್ಟಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಎರಡೂವರೆ ತಿಂಗಳಾದಾಗ ಒಂದು ಸತ್ತೇಹೋಯಿತು. ಅದಾಗಿ ಕೆಲವು ದಿನಗಳ ಮೇಲೆ ಉಳಿದೆರಡು ಸಾಲ್ಮನ್ ತಿನ್ನತೊಡಗಿದವು. ಮುಂದೆ ಕಡಲಿಗೆ ಮರಳಿದಾಗ ಮತ್ತೆ ತಮ್ಮ ಹಳೇ ಬೇಟೆಗೇ ಹೋದವು. ಅವು ಸೀಲ್ ತಿನ್ನುವ ಗುಂಪಿನವು. ಮುಂದೆ ಬಿದ್ದಿದ್ದ ಮೀನನ್ನು ಅವು ಊಟ ಅಂತ ಕಂಡೇ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಸಾಕ್ಷಿ ಬೇಕಾ? ಮೀನು ತಿನ್ನುವ ಆ ಓರ್ಕಾಗಳು ಪೊರ್ಪಸ್ ಎಂಬ ಸಣ್ಣ ಡಾಲ್ಫಿನ್‌ನಂಥ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದುಂಟು. 1962ರಿಂದ 2020ರವರೆಗೆ ಇಂಥ 78 ಪ್ರಸಂಗ ದಾಖಲಾಗಿವೆ. ಕೆಲವು ಸಲ ಪೊರ್ಪಸ್ ಸತ್ತೂ ಹೋಗಿದೆ. ಆದರೂ ತಿಂದಿದ್ದು ಕಂಡಿಲ್ಲ.

ಮಕ್ಕಳಿಗೆ ಇದನ್ನು ಹೇಳುವಾಗ ರಂಗನತಿಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ದೋಣಿ ನಿಧಾನಕ್ಕೆ ಹೋಗುತ್ತಿರುವಾಗ ಚಮಚಕೊಕ್ಕಿನ ಹಕ್ಕಿಯನ್ನು ತೋರಿಸುತ್ತೇನೆ. ಕಾಲು ಮುಳುಗುವಷ್ಟು ನೀರಲ್ಲಿ ನಿಂತು, ಕೊಕ್ಕನ್ನು ಒಂಚೂರು ತೆರೆದು, ಕುಡುಗೋಲು ಬೀಸಿದ ಹಾಗೆ ಎಡಕ್ಕೆ ಬಲಕ್ಕೆ ಬೀಸುತ್ತಾ ನಡೆಯುತ್ತದೆ. ಏನಾದರೂ ತಗುಲಿದರೆ ಗಪ್ಪಂತ ಮುಚ್ಚುತ್ತದೆ. ಹೆಜ್ಜಾರ್ಲೆಗೆ ಚೀಲ ಇದೆ, ಅದು ಮೀನನ್ನು ಮೊಗೆಯುತ್ತದೆ. ಅಲ್ಲಿ ಕೊಕ್ಕು ನೋಡಿದರೆ ಊಟ ಗೊತ್ತಾಗುತ್ತದೆ. ಓರ್ಕಾಗಳಲ್ಲಿ ಹಾಗಲ್ಲ. ಬಾಯಿ ಹೆಚ್ಚುಕಡಿಮೆ ಒಂದೇ, ವಿದ್ಯೆ ಬೇರೆ.

ಸೀಲ್ ಬೇಟೆಯಾಡುವವು ಸದ್ದಿಲ್ಲದೆ ಬರುತ್ತವೆ, ಯಾಕೆಂದರೆ ಸೀಲ್‌ಗೆ ಕಿವಿ ಚುರುಕು. ಮೀನು ತಿನ್ನುವವು ಕ್ಲಿಕ್ ಕ್ಲಿಕ್ ಅಂತ ಸದ್ದು ಬಿಡುತ್ತಾ, ಮರಳಿ ಬರುವ ದನಿಯಿಂದ ಮೀನು ಪತ್ತೆ ಮಾಡುತ್ತವೆ. ಹತ್ತಾರು ಸಾಲ್ಮನ್‌ಗಳ ನಡುವೆಯೂ ದಪ್ಪ, ಕೊಬ್ಬು ಜಾಸ್ತಿ ಇರುವ ಚಿನೂಕ್ ಜಾತಿಯನ್ನೇ ಆರಿಸುತ್ತವೆ. ಹಡಗಿನ ಗದ್ದಲ ಹೆಚ್ಚಾದರೆ ಈ ಕೆಲಸವೇ ಕೆಡುತ್ತದೆ. ಬೇರೆ ಕಡಲುಗಳ ಓರ್ಕಾಗಳ ವಿದ್ಯೆಯೇ ಬೇರೆ. ನಾರ್ವೆಯವು ಹೆರಿಂಗ್ ಮೀನುಗಳನ್ನು ಸುತ್ತುವರಿದು ಉಂಡೆ ಮಾಡಿ ಬಾಲದಲ್ಲಿ ಬಡಿಯುತ್ತವೆ. ಅಂಟಾರ್ಕ್ಟಿಕಾದ ಕೆಲವು ಓರ್ಕಾಗಳು ಸಾಲಾಗಿ ಈಜಿ ಅಲೆ ಎಬ್ಬಿಸಿ, ಮಂಜುಗಡ್ಡೆ ಮೇಲೆ ಮಲಗಿದ ಸೀಲ್ ಅನ್ನು ನೀರಿಗೆ ಕೆಡವುತ್ತವೆ.

ಬಲೆಗಾರರ ಮನೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಮಳೆ ಕೈಕೊಟ್ಟು ಹೊಳೆ ಬತ್ತಿದ ವರ್ಷ ಅವರಪ್ಪ ಬಲೆ ಬಿಡುವ ಮುಂಚೆ ಅಜ್ಜಿಯನ್ನು ಕೇಳುತ್ತಿದ್ದರಂತೆ. ಯಾವ ಮಡುವಲ್ಲಿ ನೀರು ಉಳಿಯುತ್ತೆ, ಮೀನು ಎಲ್ಲಿ ಸೇರುತ್ತೆ ಅನ್ನುವುದು ಅಜ್ಜಿಗೆ ಗೊತ್ತು. ಸಾಲ್ಮನ್ ತಿನ್ನುವ ಓರ್ಕಾಗಳಲ್ಲೂ ಹೀಗೇ. ಹೆಣ್ಣು ಓರ್ಕಾ ಸುಮಾರು 40ಕ್ಕೆ ಮರಿ ಹಾಕುವುದು ನಿಂತ ಮೇಲೂ ದಶಕಗಳ ಕಾಲ ಬದುಕುತ್ತದೆ. ಗುಂಪಿಗೆ ದಾರಿ ತೋರಿಸುವುದು ಈ ಅಜ್ಜಿಯರೇ, ಅದರಲ್ಲೂ ಸಾಲ್ಮನ್ ಕಮ್ಮಿಯಾದ ವರ್ಷಗಳಲ್ಲಿ. ಗಂಡು ಮರಿ ದೊಡ್ಡದಾದರೂ ಅಮ್ಮನ ಜೊತೆಯಲ್ಲೇ ಇರುತ್ತದೆ. ಅಮ್ಮ ತಾನು ಹಿಡಿದ ಮೀನನ್ನು ಮುರಿದು ಆ ಬೆಳೆದ ಮಗನಿಗೂ ಕೊಡುತ್ತದೆ.

ಹೀಗೆ ಕಲಿತ ಊಟವನ್ನು ಒಂದೆರಡು ತಲೆಮಾರಿನಲ್ಲಿ ಬಿಟ್ಟು ಬೇರೆಯದು ಹಿಡಿಯುವುದು ಸುಲಭ ಅಲ್ಲ. ಸೀಲ್ ಬೇಟೆ ಹೇಳಿಕೊಡಲು ಆ ಗುಂಪಿನಲ್ಲಿ ಯಾರಿದ್ದಾರೆ? ನೀವು ಹೇಳುವ ಓರ್ಕಾಗಳು ಈಗ 75ರ ಆಸುಪಾಸು ಮಾತ್ರ ಇವೆ. ಅಳಿವಿನಂಚಿನಲ್ಲಿವೆ ಎಂದು ಅಮೆರಿಕ 2005ರಲ್ಲೇ ಪಟ್ಟಿಗೆ ಸೇರಿಸಿದೆ. ಅವುಗಳಿಗೆ ಬೇಕಾಗಿರುವುದು ಚಿನೂಕ್, ಚಿನೂಕ್‌ಗೆ ಬೇಕಾಗಿರುವುದು ಮೊಟ್ಟೆಯಿಡಲು ಹೊಳೆಯ ಮೇಲ್ಗಡೆಗೆ ಹೋಗುವ ದಾರಿ. ಆ ಕಡೆಯ ಎಷ್ಟೋ ಹೊಳೆಗಳಲ್ಲಿ ಅಣೆಕಟ್ಟುಗಳು ಆ ದಾರಿಯನ್ನು ಮುಚ್ಚಿವೆ. ಅಮೆರಿಕದ ಕ್ಲಾಮತ್ ಹೊಳೆಯ ನಾಲ್ಕು ಅಣೆಕಟ್ಟುಗಳನ್ನು ತೆಗೆದ ಕೆಲಸ 2024ರಲ್ಲಿ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ ಚಿನೂಕ್‌ಗಳು ಹಳೆಯ ಕಟ್ಟೆಯ ಜಾಗ ದಾಟಿ ಮೇಲೆ ಹೋಗಿದ್ದು ಕಂಡುಬಂತು. ಆ ಸುದ್ದಿ ಓದಿದ ಮರುದಿನ ನಾನು ಪಾಠ ಪಕ್ಕಕ್ಕಿಟ್ಟು ಮಕ್ಕಳಿಗೆ ಅದನ್ನೇ ಹೇಳಿದೆ.